ಗ್ರಹಣ ಒಂದು, ಕಂಡವರ ಅನುಭವ ಹಲವು

ಸೂರ್ಯಗ್ರಹಣದ ಮಾತು ಬಂದರೆ ಸಾಕು, ನಮ್ಮ ಊರುಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ. 1980ನೆಯ ಇಸವಿಯ ಗ್ರಹಣವನ್ನು ನೆನೆಯುವ ರಾಯಚೂರು ಕಡೆಯ ನೆಂಟರು "ಹಾಡುಹಗಲೇ ಕತ್ತಲಾಯಿತು, ನಕ್ಷತ್ರ ಕಂಡವು" ಎನ್ನುತ್ತಾರೆ. ಅದೇ ಗ್ರಹಣದ ದಿನ ರಾಯದುರ್ಗದಲ್ಲಿ ಹೊಲದಲ್ಲಿದ್ದವರು "ಕತ್ತಲೇನೂ ಆಗಲಿಲ್ಲ, ಬಿಸಿಲು ಮಂಕಾಯಿತು ಅಷ್ಟೆ" ಎನ್ನುತ್ತಾರೆ. "ನಾವು ನೋಡಲೇ ಇಲ್ಲ, ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆವು" ಎನ್ನುವವರಂತೂ ಎಲ್ಲ ಕಡೆಯೂ ಇದ್ದಾರೆ. ಇವರಲ್ಲಿ ಯಾರ ಮಾತು ನಿಜ?

ಎಲ್ಲರ ಮಾತೂ ನಿಜ. ಗ್ರಹಣದ ಅನುಭವವು ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಆ ಹೊತ್ತಿನಲ್ಲಿ ನಾವು ಭೂಮಿಯ ಮೇಲೆ ಎಲ್ಲಿ ನಿಂತಿದ್ದೇವೆ ಎಂಬುದು. ಇನ್ನೊಂದು, ಗ್ರಹಣದ ವಿಷಯವಾಗಿ ನಮಗೆ ಏನು ತಿಳಿದಿದೆ ಎಂಬುದು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಈ ಲೇಖನದಲ್ಲಿ ಎರಡನ್ನೂ ವಿಚಾರಮಾಡೋಣ. ವಿದ್ಯಾರ್ಥಿಗಳು ಮಾತ್ರವಲ್ಲ, ಅವರ ತಂದೆತಾಯಿಗಳೂ ಇದನ್ನು ಓದಬೇಕೆಂಬುದು ನಮ್ಮ ಕೋರಿಕೆ. ಏಕೆಂದರೆ ಗ್ರಹಣದ ದಿನ ಮಕ್ಕಳು ಅಂಗಳಕ್ಕೆ ಬರಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ಮನೆಯ ಹಿರಿಯರು.

ಗ್ರಹಣ ಹೇಗೆ ಆಗುತ್ತದೆ?

ಕನ್ನಡದಲ್ಲಿ ನಾವು "ಗ್ರಹಣ ಹಿಡಿಯಿತು, ಗ್ರಹಣ ಬಿಟ್ಟಿತು" ಎನ್ನುತ್ತೇವೆ. ನಮ್ಮ ನೆರೆಯ ತೆಲುಗಿನವರೂ "ಗ್ರಹಣಂ ಪಟ್ಟಿಂದಿ, ವಿಡಿಚಿಂದಿ" ಎಂದೇ ಹೇಳುತ್ತಾರೆ. ಯಾರೋ ಸೂರ್ಯನನ್ನು ಹಿಡಿದು ಬಿಟ್ಟರೆಂಬ ಹಳೆಯ ಕಲ್ಪನೆ ಎರಡು ಭಾಷೆಗಳಲ್ಲಿಯೂ ಉಳಿದುಬಂದಿದೆ. ನಿಜವಾಗಿ ಹಿಡಿಯುವವರು ಯಾರೂ ಇಲ್ಲ. ಅಮಾವಾಸ್ಯೆಯ ದಿನ ಚಂದ್ರನು ಸೂರ್ಯನಿಗೂ ಭೂಮಿಗೂ ನಡುವೆ ಬರುತ್ತಾನೆ. ಮೂವರೂ ಒಂದೇ ಸಾಲಿನಲ್ಲಿ ನಿಂತಾಗ ಚಂದ್ರನ ನೆರಳು ಭೂಮಿಯ ಮೇಲೆ ಬೀಳುತ್ತದೆ. ಇದೇ ಸೂರ್ಯಗ್ರಹಣ. ಆರ್ಯಭಟನು ಕ್ರಿ.ಶ. 499ರ ಸುಮಾರಿನಲ್ಲಿ ರಚಿಸಿದ ಗ್ರಂಥದಲ್ಲಿಯೇ, ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ನೆರಳು ಚಂದ್ರನನ್ನು ಮರೆಮಾಡುತ್ತದೆ ಎಂದು ಹೇಳಿರುವನು.

ಹಾಗಾದರೆ ಪ್ರತಿ ಅಮಾವಾಸ್ಯೆಗೂ ಏಕೆ ಗ್ರಹಣವಾಗುವುದಿಲ್ಲ? ಚಂದ್ರನು ಸುತ್ತುವ ದಾರಿ ಭೂಮಿಯು ಸುತ್ತುವ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಆದ್ದರಿಂದ ಹೆಚ್ಚಿನ ಅಮಾವಾಸ್ಯೆಗಳಲ್ಲಿ ಅವನ ನೆರಳು ಭೂಮಿಯ ಮೇಲಕ್ಕೋ ಕೆಳಕ್ಕೋ ಹಾದುಹೋಗುತ್ತದೆ. ಈ ಎರಡು ದಾರಿಗಳು ಒಂದನ್ನೊಂದು ಕತ್ತರಿಸುವ ಎರಡು ಬಿಂದುಗಳ ಸಮೀಪದಲ್ಲಿ ಅಮಾವಾಸ್ಯೆಯಾದರೆ ಮಾತ್ರ ಗ್ರಹಣ ಸಂಭವಿಸುತ್ತದೆ. ನಮ್ಮ ಜ್ಯೋತಿಷ ಗಣಿತದಲ್ಲಿ ರಾಹು, ಕೇತು ಎಂದು ಕರೆಯುವುದು ಈ ಬಿಂದುಗಳನ್ನೇ. ಪಂಚಾಂಗದವರು ಸ್ಪರ್ಶಕಾಲ, ಮಧ್ಯಕಾಲ, ಮೋಕ್ಷಕಾಲಗಳನ್ನು ವರ್ಷದ ಮೊದಲೇ ಲೆಕ್ಕಹಾಕಿ ಅಚ್ಚುಮಾಡುತ್ತಾರೆ. ಗ್ರಹಣವು ಹಸಿದ ರಾಕ್ಷಸನೊಬ್ಬನ ಇಚ್ಛೆಯಂತೆ ನಡೆಯುವುದಾಗಿದ್ದರೆ ಅವನು ಬರುವ ಗಂಟೆ ನಿಮಿಷಗಳನ್ನು ಯಾವ ಗಣಿತದಿಂದ ತಿಳಿಯಲಾದೀತು? ಪಂಚಾಂಗವನ್ನು ನಂಬುವವರು ಗಣಿತವನ್ನು ಈಗಾಗಲೇ ನಂಬಿದ್ದಾರೆ ಎಂದಾಯಿತು.

ಇನ್ನೊಂದು ಸೋಜಿಗವುಂಟು. ಚಂದ್ರನ ವ್ಯಾಸ ಸುಮಾರು 3,476 ಕಿ.ಮೀ.; ಸೂರ್ಯನ ವ್ಯಾಸ ಸುಮಾರು 13,92,000 ಕಿ.ಮೀ. ಅಂದರೆ ಸೂರ್ಯನು ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡವನು. ಇಷ್ಟು ಚಿಕ್ಕ ಚಂದ್ರನು ಅಷ್ಟು ದೊಡ್ಡ ಸೂರ್ಯನನ್ನು ಮುಚ್ಚುವುದು ಹೇಗೆ? ಸೂರ್ಯನು ಚಂದ್ರನಿಗಿಂತ ನಮಗೆ ಸುಮಾರು 400 ಪಟ್ಟು ದೂರದಲ್ಲಿಯೂ ಇದ್ದಾನೆ. ಒಂದು ರೂಪಾಯಿಯ ನಾಣ್ಯವನ್ನು ಕಣ್ಣಿನ ಹತ್ತಿರ ಹಿಡಿದರೆ ರಾಯದುರ್ಗದ ಕೋಟೆಯ ಬೆಟ್ಟವೇ ಮರೆಯಾಗುತ್ತದಲ್ಲವೇ? ಇದೂ ಹಾಗೆಯೇ. ಚಂದ್ರನು ಭೂಮಿಗೆ ಹತ್ತಿರವಿದ್ದಾಗ ಸೂರ್ಯನನ್ನು ಪೂರ್ತಿಯಾಗಿ ಮುಚ್ಚಿದರೆ ಅದು ಖಗ್ರಾಸ ಗ್ರಹಣ. ದೂರವಿದ್ದಾಗ ನಡುವೆ ಬಂದರೂ ಪೂರ್ತಿ ಮುಚ್ಚಲಾರದೆ ಸುತ್ತಲೂ ಬಳೆಯಂತೆ ಬೆಳಕು ಉಳಿದರೆ ಅದು ಕಂಕಣ ಗ್ರಹಣ. ಒಂದು ಪಕ್ಕವನ್ನು ಮಾತ್ರ ಮುಚ್ಚಿದರೆ ಪಾರ್ಶ್ವ ಗ್ರಹಣ.

1980ರ ಫೆಬ್ರವರಿ 16

ಮೊದಲು ಹೇಳಿದ ನೆಂಟರ ಮತ್ತು ಹಿರಿಯರ ಮಾತುಗಳಿಗೆ ಈಗ ಬರೋಣ. 1980ರ ಫೆಬ್ರವರಿ 16, ಶನಿವಾರ. ಅಂದು ಚಂದ್ರನ ದಟ್ಟ ನೆರಳು ಆಫ್ರಿಕಾ ಖಂಡವನ್ನೂ ಅರಬ್ಬಿ ಸಮುದ್ರವನ್ನೂ ದಾಟಿ ಉತ್ತರ ಕನ್ನಡದ ಕರಾವಳಿಯಲ್ಲಿ ನಮ್ಮ ದೇಶವನ್ನು ಪ್ರವೇಶಿಸಿತು. ಮಧ್ಯಾಹ್ನ ಸುಮಾರು ಮೂರೂಮುಕ್ಕಾಲು ಗಂಟೆಯ ಹೊತ್ತಿಗೆ ಕಾರವಾರ, ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು, ಆಂಧ್ರವನ್ನು ದಾಟಿ, ಒರಿಸ್ಸಾದ ಪುರಿ ಕೋನಾರ್ಕಗಳ ಕಡೆಗೆ ಸಾಗಿತು. ಈ ನೆರಳಿನ ಪಟ್ಟಿಯ ಅಗಲ ಸುಮಾರು ನೂರು ನೂರಿಪ್ಪತ್ತು ಕಿ.ಮೀ. ಮಾತ್ರ. ಅದರೊಳಗೆ ನಿಂತವರಿಗೆ ಎರಡು ಮೂರು ನಿಮಿಷಗಳ ಕಾಲ ಸೂರ್ಯನು ಪೂರ್ತಿ ಮರೆಯಾದನು. ಅವನ ಸುತ್ತಲೂ ಬೆಳ್ಳಿಯಂತಹ ಪ್ರಭಾವಳಿ ಮೂಡಿತು. ಗಾಳಿ ತಣ್ಣಗಾಯಿತು. ಹಕ್ಕಿಗಳು ಸಂಜೆಯಾಯಿತೆಂದು ಭ್ರಮಿಸಿ ಗೂಡಿನತ್ತ ಹಾರಿದವು. ಚಂದ್ರನ ಅಂಚಿನ ತಗ್ಗಿನಿಂದ ಸೂರ್ಯನ ಮೊದಲ ಕಿರಣ ಮತ್ತೆ ಹೊಮ್ಮಿದಾಗ ಆಕಾಶದಲ್ಲಿ ವಜ್ರದ ಉಂಗುರವೊಂದು ಹೊಳೆದಂತಾಯಿತು.

ರಾಯದುರ್ಗವು ರಾಯಚೂರಿನಿಂದ ನೇರವಾಗಿ ಅಳೆದರೆ ಇನ್ನೂರು ಕಿ.ಮೀ. ದೂರವೂ ಇಲ್ಲ. ಆದರೆ ಅದು ದಟ್ಟ ನೆರಳಿನ ಪಟ್ಟಿಯ ದಕ್ಷಿಣಕ್ಕೆ, ತೆಳು ನೆರಳಿನಲ್ಲಿತ್ತು. ಮಡಕಶಿರಾ ಇನ್ನೂ ಸ್ವಲ್ಪ ದಕ್ಷಿಣಕ್ಕಿದೆ. ನಮ್ಮ ಎರಡೂ ಊರುಗಳಲ್ಲಿ ಸೂರ್ಯನ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಮುಚ್ಚಿತ್ತು. ಅಷ್ಟು ಮುಚ್ಚಿದರೂ ಏಕೆ ಕತ್ತಲಾಗಲಿಲ್ಲ? ಇದಕ್ಕೆ ಉತ್ತರ ಒಂದು ಚಿಕ್ಕ ಲೆಕ್ಕದಲ್ಲಿದೆ. ಹುಣ್ಣಿಮೆಯ ಚಂದ್ರನಿಗಿಂತ ಸೂರ್ಯನು ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನನು. ಸೂರ್ಯನ ನೂರರಲ್ಲಿ 99 ಭಾಗ ಮುಚ್ಚಿ ಒಂದೇ ಒಂದು ಭಾಗ ಉಳಿದರೂ, ಆ ಒಂದು ಭಾಗವು 4,000 ಹುಣ್ಣಿಮೆಗಳ ಬೆಳಕನ್ನು ಕೊಡುತ್ತದೆ! ಆದ್ದರಿಂದ ರಾಯದುರ್ಗದವರಿಗೆ ಬಿಸಿಲು ಮಂಕಾಯಿತೇ ಹೊರತು ರಾತ್ರಿಯಾಗಲಿಲ್ಲ. ತೊಂಬತ್ತೊಂಬತ್ತಕ್ಕೂ ನೂರಕ್ಕೂ ನಡುವೆ ಇರುವ ಅಂತರ ಹಗಲಿಗೂ ರಾತ್ರಿಗೂ ನಡುವೆ ಇರುವ ಅಂತರವೇ ಆಗಿದೆ. ಈ ಲೆಕ್ಕವನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಮುಂದೆ ಕಣ್ಣಿನ ವಿಚಾರ ಬಂದಾಗ ಇದೇ ಲೆಕ್ಕ ಮತ್ತೊಮ್ಮೆ ಬೇಕಾಗುತ್ತದೆ.

ಅಂದು ಒಳಗೆ ಕುಳಿತವರ ಅನುಭವವೂ ಚರಿತ್ರೆಗೆ ಸೇರಿದ್ದೇ. ಗ್ರಹಣವನ್ನು ನೋಡಿದರೆ ಕಣ್ಣು ಹೋಗುತ್ತದೆ ಎಂಬ ಎಚ್ಚರಿಕೆಗಳನ್ನು ಕೇಳಿ ದೇಶದ ದೊಡ್ಡ ದೊಡ್ಡ ನಗರಗಳ ಬೀದಿಗಳು ಸಹ ಬಿಕೋ ಎನ್ನುತ್ತಿದ್ದವು. ಜನರು ಮನೆಯೊಳಗೇ ಇರಲೆಂದು ದೂರದರ್ಶನವು ಆ ಹೊತ್ತಿಗೆ ಹಿಂದಿ ಚಲನಚಿತ್ರವೊಂದನ್ನು ತೋರಿಸಿತೆಂದು ಆಗಿನವರು ಇಂದಿಗೂ ಹೇಳುತ್ತಾರೆ. ಹದಿನೈದು ವರ್ಷಗಳ ಅನಂತರ, 1995ರ ಅಕ್ಟೋಬರ್ 24ರಂದು ಉತ್ತರ ಭಾರತದಲ್ಲಿ ಖಗ್ರಾಸ ಗ್ರಹಣವಾದಾಗ ಅದೇ ದೂರದರ್ಶನವು ಗ್ರಹಣವನ್ನೇ ನೇರವಾಗಿ ಪ್ರಸಾರಮಾಡಿತು. ಅಷ್ಟರಲ್ಲಿ ಬದಲಾದದ್ದು ಸೂರ್ಯಚಂದ್ರರಲ್ಲ, ನಮ್ಮ ತಿಳಿವಳಿಕೆ.

ಒಂದು ಸ್ಥಳದಲ್ಲಿ ಖಗ್ರಾಸ ಸೂರ್ಯಗ್ರಹಣವು ಸರಾಸರಿ ಸುಮಾರು 375 ವರ್ಷಗಳಿಗೊಮ್ಮೆ ಮಾತ್ರ ಕಾಣುತ್ತದೆಂದು ಖಗೋಳಜ್ಞರು ಲೆಕ್ಕಹಾಕಿದ್ದಾರೆ. ಮನೆಬಾಗಿಲಿಗೆ ಬಂದ ಅಂಥ ನೋಟವನ್ನು ಹುಬ್ಬಳ್ಳಿ ರಾಯಚೂರುಗಳಲ್ಲಿ ಬಾಗಿಲು ಹಾಕಿಕೊಂಡು ಕಳೆದುಕೊಂಡವರು ಎಷ್ಟು ಮಂದಿಯೋ!

ಗ್ರಹಣವನ್ನು ಅರಸಿ ಬಂದವರು

ಜನರು ಒಳಗೆ ಅವಿತುಕೊಳ್ಳುವ ಹೊತ್ತಿನಲ್ಲಿಯೇ ಸಮುದ್ರಗಳನ್ನು ದಾಟಿ ನಮ್ಮ ನಾಡಿಗೆ ಗ್ರಹಣ ನೋಡಲು ಬಂದವರೂ ಇದ್ದಾರೆ. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದ ನೆರಳು ವಿಜಾಪುರದ ಸೀಮೆಯಿಂದ ಆಂಧ್ರದ ಗುಂಟೂರು, ಮಚಲೀಪಟ್ಟಣಗಳ ಕಡೆಗೆ ಹಾದುಹೋಯಿತು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ತರುಣ ಸೇನಾಧಿಕಾರಿ ದೂರದರ್ಶಕವನ್ನು ಹೂಡಿ ಕಾದನು. ಇವನು ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲನ ಮೊಮ್ಮಗ. ಮಳೆಗಾಲದ ಮೋಡಗಳ ನಡುವೆ ಸಿಕ್ಕ ಅಲ್ಪ ಬಿಡುವಿನಲ್ಲಿಯೇ ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕನ್ನು ಪರೀಕ್ಷಿಸಿ, ಅವು ಉರಿಯುವ ಅನಿಲಗಳೆಂದು ಕಂಡುಕೊಂಡನು.

ಗುಂಟೂರಿನಲ್ಲಿ ಅದೇ ದಿನ ಫ್ರಾನ್ಸಿನ ಜಾನ್ಸೆನ್ ಎಂಬ ವಿಜ್ಞಾನಿ ಇದ್ದನು. ಜ್ವಾಲೆಗಳ ಬೆಳಕಿನ ಗೆರೆಗಳು ಬಹಳ ಪ್ರಕಾಶಮಾನವಾಗಿರುವುದನ್ನು ಕಂಡು, ಇವನ್ನು ನೋಡಲು ಗ್ರಹಣವೇ ಬೇಕಾಗಿಲ್ಲವೆಂದು ಅವನಿಗೆ ಹೊಳೆಯಿತು. ಮರುದಿನವೇ ಗ್ರಹಣವಿಲ್ಲದ ಸೂರ್ಯನಲ್ಲಿ ಅವನ್ನು ನೋಡಿಯೂ ಬಿಟ್ಟನು. ಆ ವರ್ಷದ ಗ್ರಹಣದಲ್ಲಿ ಮತ್ತು ಅನಂತರ ನಡೆದ ವೀಕ್ಷಣೆಗಳಲ್ಲಿ ಕಂಡ ಹಳದಿ ಗೆರೆಯೊಂದು ಆಗ ತಿಳಿದಿದ್ದ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ಅದಕ್ಕೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಆ ಅನಿಲವನ್ನು ರಾಮ್ಸೆ ಎಂಬ ವಿಜ್ಞಾನಿ ಬೇರ್ಪಡಿಸಿದ್ದು 1895ರಲ್ಲಿ. ಇಂದು ಜಾತ್ರೆಯಲ್ಲಿ ಮಕ್ಕಳು ಹಿಡಿಯುವ ಹಾರುವ ಬಲೂನಿನಲ್ಲಿ ತುಂಬುವ ಅನಿಲದ ಗುರುತು ಮೊದಲು ಸಿಕ್ಕಿದ್ದು ಸೂರ್ಯನಲ್ಲಿ! ಅಂದು ಗ್ರಹಣವನ್ನು ನೋಡಿದವರಲ್ಲಿ ನಮ್ಮವರೂ ಇದ್ದರು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರ್ಯರು ನಿಜಾಮರ ಸೀಮೆಯ ವನಪರ್ತಿಯಲ್ಲಿ ನಿಂತು ಅದೇ ಗ್ರಹಣವನ್ನು ವೀಕ್ಷಿಸಿದರು.

ಮೂರು ವರ್ಷಗಳ ಅನಂತರ, 1871ರ ಡಿಸೆಂಬರ್ 12ರಂದು ಮತ್ತೊಂದು ಖಗ್ರಾಸ ಗ್ರಹಣವು ಕಾಸರಗೋಡು ಸೀಮೆಯ ಮೇಲೆ ಹಾದುಹೋಯಿತು. ಇಂಗ್ಲೆಂಡಿನ ಲಾಕಿಯರ್ ಎಂಬ ಖ್ಯಾತ ವಿಜ್ಞಾನಿ ಬೇಕಲ ಕೋಟೆಯ ಮೇಲೆ ಉಪಕರಣಗಳನ್ನು ಹೂಡಿದನು. ಕೋಟೆಯ ಹೊರಗೆ ಜನರು ಗ್ರಹಣದ ಹೊತ್ತಿನಲ್ಲಿ ಶಾಂತಿಗಾಗಿ ಬೆಂಕಿ ಹಾಕಿದರೆ ಹೊಗೆ ಅಡ್ಡವಾದೀತೆಂದು ಅದನ್ನು ಆರಿಸಲು ಪೊಲೀಸರ ಕಾವಲಿತ್ತು. ಒಂದೇ ಕೋಟೆ, ಒಂದೇ ಸೂರ್ಯ. ಗೋಡೆಯ ಒಳಗಿದ್ದವರಿಗೆ ಅದು ವರ್ಷಗಟ್ಟಲೆ ಕಾದ ಹಬ್ಬ. ಹೊರಗಿದ್ದವರಿಗೆ ಸೂರ್ಯನಿಗೆ ಬಂದ ಕಷ್ಟ. ಇಬ್ಬರೂ ಆ ಹೊತ್ತಿನಲ್ಲಿ ಸೂರ್ಯನನ್ನೇ ಚಿಂತಿಸುತ್ತಿದ್ದರು. ಒಬ್ಬರಿಗೆ ತಿಳಿದಿದ್ದುದು ಇನ್ನೊಬ್ಬರಿಗೆ ತಿಳಿದಿರಲಿಲ್ಲ, ಅಷ್ಟೇ ಭೇದ.

ನಮ್ಮ ಮನೆಗಳ ಆಚರಣೆಗಳು

ಗ್ರಹಣಕ್ಕೂ ನಮ್ಮ ಜನಜೀವನಕ್ಕೂ ಇರುವ ನಂಟು ಬಹಳ ಹಳೆಯದು. ಹಿಂದೆ ಅನಂತಪುರ ಜಿಲ್ಲೆಯಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಸೀಮೆಯಲ್ಲಿ ಹೇಮಾವತಿ ಎಂಬ ಊರಿದೆ. ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿಯ ಗುಡಿಗಳನ್ನೂ ಕನ್ನಡ ಶಾಸನಗಳನ್ನೂ ನಮ್ಮ ವಿದ್ಯಾರ್ಥಿಗಳು ನೋಡಿರಬಹುದು. ಕನ್ನಡ ನಾಡಿನ ಶಾಸನಗಳಲ್ಲಿ ಸೂರ್ಯಗ್ರಹಣದ ನಿಮಿತ್ತವಾಗಿ ಭೂಮಿಯನ್ನು ದಾನಮಾಡಿದ ಸಂಗತಿ ಮತ್ತೆ ಮತ್ತೆ ಬರುತ್ತದೆ. ಇಂದು ಇತಿಹಾಸಕಾರರು ಆ ಗ್ರಹಣಗಳ ದಿನವನ್ನು ಗಣಿತದಿಂದ ಕಂಡುಹಿಡಿದು ಶಾಸನಗಳ ಕಾಲವನ್ನು ಖಚಿತಪಡಿಸುತ್ತಾರೆ. ಅರಸರ ಭಕ್ತಿಯಿಂದ ಹುಟ್ಟಿದ ಸಾಲು ಹೀಗೆ ಚರಿತ್ರೆಗೆ ಗಡಿಯಾರವಾಯಿತು.

ಮನೆಗಳಲ್ಲಿ ನಡೆಯುವ ಆಚರಣೆಗಳು ಎಲ್ಲರಿಗೂ ತಿಳಿದಿವೆ. ನೀರಿನ ಕೊಡಕ್ಕೂ ಉಪ್ಪಿನಕಾಯಿಯ ಜಾಡಿಗೂ ದರ್ಭೆ ಹಾಕುವುದು, ಗ್ರಹಣ ಬಿಡುವವರೆಗೆ ಉಪವಾಸವಿರುವುದು, ಬಿಟ್ಟಮೇಲೆ ಸ್ನಾನಮಾಡಿ ಹೊಸ ನೀರು ತುಂಬಿ ಅಡಿಗೆ ಮಾಡುವುದು, ದಾನ ಕೊಡುವುದು. ಇವುಗಳಲ್ಲಿ ಮನೆ ತೊಳೆಯುವುದು, ಸ್ನಾನ, ದಾನಗಳಿಂದ ಯಾರಿಗೂ ಕೇಡಿಲ್ಲ, ಒಳ್ಳೆಯದೇ ಉಂಟು. ಆಚರಣೆಗಳು ಎಲ್ಲ ಕಡೆ ಒಂದೇ ಎಂದೂ ಇಲ್ಲ. ತಿರುಮಲೆಯ ದೇವಾಲಯದ ಬಾಗಿಲನ್ನು ಗ್ರಹಣದ ಹೊತ್ತಿನಲ್ಲಿ ಮುಚ್ಚುತ್ತಾರೆ. ನಮ್ಮ ರಾಜ್ಯದ್ದೇ ಆದ ಶ್ರೀಕಾಳಹಸ್ತಿಯಲ್ಲಿ ಅದೇ ಹೊತ್ತಿನಲ್ಲಿ ಬಾಗಿಲು ತೆರೆದು ಪೂಜೆ ನಡೆಸುತ್ತಾರೆ.

ಗ್ರಹಣ ಹಿಡಿದಾಗ ತಟ್ಟೆಯಲ್ಲಿ ನೀರು ಹಾಕಿ ಒನಕೆಯನ್ನು ನೆಟ್ಟಗೆ ನಿಲ್ಲಿಸುವ ವಾಡಿಕೆ ನಮ್ಮಲ್ಲಿದೆ. ಒನಕೆ ನಿಂತರೆ ಗ್ರಹಣ ಹಿಡಿದಿದೆ, ಬಿದ್ದರೆ ಬಿಟ್ಟಿದೆ ಎನ್ನುತ್ತಾರೆ. ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಬೇಕು. ಗ್ರಹಣವಿಲ್ಲದ ಯಾವುದಾದರೊಂದು ಭಾನುವಾರ, ತಳ ಸಪಾಟಾಗಿರುವ ಒನಕೆಯನ್ನು ಸಮನಾದ ನೆಲದ ಮೇಲೆ ತಾಳ್ಮೆಯಿಂದ ನಿಲ್ಲಿಸಿ ನೋಡಲಿ. ಅದು ನಿಲ್ಲುತ್ತದೆ. ಅದರ ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ತಳದೊಳಗೆ ಬೀಳುವವರೆಗೆ ಒನಕೆಗೆ ಅಮಾವಾಸ್ಯೆಯೂ ಒಂದೇ, ಹುಣ್ಣಿಮೆಯೂ ಒಂದೇ. ಭೌತಶಾಸ್ತ್ರದ ಪಾಠ ಅಜ್ಜಿಯ ಒರಳುಕಲ್ಲಿನ ಪಕ್ಕದಲ್ಲಿಯೇ ಇದೆ.

ಆದರೆ ಕೆಲವು ನಂಬಿಕೆಗಳಿಂದ ನಿಜವಾಗಿಯೂ ಹಾನಿಯಾಗುತ್ತದೆ. ಬಸುರಿಯರನ್ನು ಗಂಟೆಗಟ್ಟಲೆ ಕತ್ತಲ ಕೋಣೆಯಲ್ಲಿ, ಅನ್ನನೀರಿಲ್ಲದೆ, ಮಿಸುಕದಂತೆ ಕೂಡಿಸುವುದು ಇಂದಿಗೂ ಉಂಟು. ಗ್ರಹಣದ ಹೊತ್ತಿನಲ್ಲಿ ಅವರು ಕಾಯಿಪಲ್ಲೆ ಹೆಚ್ಚಿದರೆ ಹುಟ್ಟುವ ಮಗುವಿಗೆ ತುಟಿ ಸೀಳುತ್ತದೆಂದು ಹೆದರಿಸುತ್ತಾರೆ. ಸೀಳುತುಟಿಯ ಮಕ್ಕಳು ಗ್ರಹಣ ಕಾಣದ ದೇಶಗಳಲ್ಲಿಯೂ, ಗ್ರಹಣ ಕಾಣದ ವರ್ಷಗಳಲ್ಲಿಯೂ ಹುಟ್ಟುತ್ತಾರೆ. ಗರ್ಭದ ಮೊದಲ ಕೆಲವು ವಾರಗಳಲ್ಲಿ ಮುಖದ ಭಾಗಗಳು ಸರಿಯಾಗಿ ಕೂಡಿಕೊಳ್ಳದಿರುವುದೇ ಅದರ ಕಾರಣ. ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಬಹುದು. ಚಂದ್ರನ ನೆರಳು ಗರ್ಭವನ್ನು ಮುಟ್ಟಲಾರದು. ತಾಯಿಯ ಹಸಿವು, ಬಾಯಾರಿಕೆ, ಭಯಗಳು ಮುಟ್ಟುತ್ತವೆ. ಸಕ್ಕರೆ ಕಾಯಿಲೆಯವರೂ ವೃದ್ಧರೂ ಹೊತ್ತಿಗೆ ಸರಿಯಾಗಿ ಊಟ, ಔಷಧ ತೆಗೆದುಕೊಳ್ಳಲೇಬೇಕು.

2019ರ ಡಿಸೆಂಬರ್ 26ರ ಗ್ರಹಣದಂದು ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಆ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಆ ತಂದೆತಾಯಿಗಳು ಕ್ರೂರಿಗಳಲ್ಲ. ಮಗು ಎದ್ದು ನಡೆಯಲೆಂಬ ಆಸೆಯೇ ಅವರಿಂದ ಹಾಗೆ ಮಾಡಿಸಿತು. ಆದರೆ ಮಣ್ಣೊಳಗೆ ಅತ್ತ ಮಗುವಿಗೆ ಗ್ರಹಣದ ಅನುಭವವೆಂದರೆ ಅದೇ ಆಗಿಹೋಯಿತಲ್ಲ! ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಅದೇ ದಿನ ಬೆಳಗ್ಗೆ ಕಾಸರಗೋಡು, ಮಂಗಳೂರು, ಕೊಡಗಿನ ಕುಟ್ಟ ಮೊದಲಾದೆಡೆಗಳಲ್ಲಿ ಸೂರ್ಯನು ಬಂಗಾರದ ಬಳೆಯಂತೆ ಕಂಡನು. ಶಾಲೆಯ ಮಕ್ಕಳೂ ಅವರ ಗುರುಗಳೂ ಕನ್ನಡಕಗಳನ್ನು ಹಿಡಿದು ಬಯಲಿನಲ್ಲಿ ನಿಂತು ನೋಡಿದರು. ನಮ್ಮ ಭಾಗದಲ್ಲಿ ಬಳೆ ಕಾಣಲಿಲ್ಲ. ಎಂಟು ಗಂಟೆಯ ಸುಮಾರಿಗೆ ಆರಂಭವಾಗಿ, ಒಂಬತ್ತೂವರೆಯ ಹೊತ್ತಿಗೆ ಸೂರ್ಯನು ಕುಡುಗೋಲಿನ ಆಕಾರಕ್ಕೆ ಇಳಿದು, ಹನ್ನೊಂದು ಗಂಟೆಯ ಹೊತ್ತಿಗೆ ಮತ್ತೆ ತುಂಬಿದನು. ಅದಕ್ಕೂ ಹಿಂದೆ, 2010ರ ಜನವರಿ 15ರಂದು, ಸಂಕ್ರಾಂತಿಯ ಮರುದಿನ, ರಾಮೇಶ್ವರ ಕನ್ಯಾಕುಮಾರಿಗಳಲ್ಲಿ ಕಂಕಣ ಗ್ರಹಣವಾದಾಗಲೂ ನಮಗೆ ಕಂಡದ್ದು ಪಾರ್ಶ್ವ ಗ್ರಹಣವೇ.

"ನೋಡಬೇಡ" ಎಂಬ ಮಾತಿನಲ್ಲಿರುವ ಸತ್ಯ

ಹಿರಿಯರ ಎಲ್ಲ ಮಾತುಗಳನ್ನೂ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. "ಗ್ರಹಣವನ್ನು ನೋಡಬೇಡ" ಎಂಬ ಮಾತನ್ನು "ಬರಿಗಣ್ಣಿನಿಂದ ನೋಡಬೇಡ" ಎಂದು ತಿದ್ದಿಕೊಂಡರೆ ಅದು ನೂರಕ್ಕೆ ನೂರು ನಿಜ. ಅಪಾಯ ಇರುವುದು ಗ್ರಹಣದಲ್ಲಲ್ಲ, ಸೂರ್ಯನಲ್ಲಿ. ಗ್ರಹಣದಿಂದ ಯಾವ ಹೊಸ ವಿಷಕಿರಣವೂ ಹುಟ್ಟುವುದಿಲ್ಲ. ಅನ್ನ ಕೆಡುವುದಿಲ್ಲ, ನೀರು ಕೆಡುವುದಿಲ್ಲ. ಆದರೆ ಬೇರೆ ದಿನಗಳಲ್ಲಿ ಸೂರ್ಯನ ಕಡೆ ನೋಡಿದರೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಗ್ರಹಣದ ದಿನ ಬೆಳಕು ಮಂಕಾಗಿರುವುದರಿಂದ ಕಣ್ಣಿನ ಪಾಪೆ ಹಿಗ್ಗುತ್ತದೆ. ಕುತೂಹಲದಿಂದ ನೆಟ್ಟ ನೋಟ ಇಡುತ್ತೇವೆ. ಉಳಿದಿರುವ ಚೂರು ಸೂರ್ಯನಾದರೋ ಮೊದಲಿನಷ್ಟೇ ಪ್ರಖರನಾಗಿದ್ದಾನೆ. ಹಿಂದೆ ಮಾಡಿದ ಲೆಕ್ಕವನ್ನು ನೆನೆಯಿರಿ: ನೂರರಲ್ಲಿ ಒಂದು ಭಾಗ ಉಳಿದರೂ 4,000 ಹುಣ್ಣಿಮೆಗಳ ಬೆಳಕು! ಭೂತಗನ್ನಡಿಯಿಂದ ಕಾಗದ ಸುಡುವಂತೆ ಕಣ್ಣಿನ ಮಸೂರವು ಆ ಬೆಳಕನ್ನು ಕಣ್ಣಿನ ಹಿಂಬದಿಯ ಅಕ್ಷಿಪಟದ ಮೇಲೆ ಕೂಡಿಸುತ್ತದೆ. ಅಕ್ಷಿಪಟಕ್ಕೆ ನೋವು ತಿಳಿಯುವ ನರಗಳಿಲ್ಲ. ಆದ್ದರಿಂದ ಸುಟ್ಟದ್ದು ಆಗಲೇ ತಿಳಿಯುವುದಿಲ್ಲ. ಕೆಲವು ಗಂಟೆಗಳ ಅನಂತರ ಓದುವ ಅಕ್ಷರದ ನಡುವೆ ಕಪ್ಪು ಚುಕ್ಕೆ ಕಾಣತೊಡಗುತ್ತದೆ. ಕೆಲವರಿಗೆ ಅದು ಕಾಲಕ್ರಮದಲ್ಲಿ ಮಾಸುತ್ತದೆ. ಕೆಲವರಿಗೆ ಜೀವನಪೂರ್ತಿ ಉಳಿಯುತ್ತದೆ.

ನಮ್ಮ ಊರುಗಳಲ್ಲಿ ಹಿಂದಿನಿಂದ ಬಂದ ಕೆಲವು ಉಪಾಯಗಳನ್ನೂ ಬಿಡಬೇಕು. ಮಸಿ ಹಿಡಿಸಿದ ಗಾಜು, ಆಸ್ಪತ್ರೆಯ ಎಕ್ಸ್‌ರೇ ಹಾಳೆ, ಫೋಟೋ ಫಿಲಂ, ತಂಪು ಕನ್ನಡಕ ಇವು ಯಾವುವೂ ಕ್ಷೇಮವಲ್ಲ. ಇವು ಕಣ್ಣಿಗೆ ಕಾಣುವ ಬೆಳಕನ್ನು ತಗ್ಗಿಸಿದರೂ ಕಾಣದ ಶಾಖಕಿರಣಗಳನ್ನು ಒಳಗೆ ಬಿಡಬಹುದು. ಪರಾತದಲ್ಲಿ ಸಗಣಿ ನೀರನ್ನೋ ಅರಿಶಿನದ ನೀರನ್ನೋ ಇಟ್ಟು ಅದರಲ್ಲಿ ಸೂರ್ಯನ ಪ್ರತಿಬಿಂಬವನ್ನು ದಿಟ್ಟಿಸುವುದೂ ಬೇಡ. ನೀರಿನ ಮೇಲ್ಮೈಯಿಂದ ಮರಳಿ ಬರುವ ಬೆಳಕು ಕಡಿಮೆಯಾದರೂ ಸೂರ್ಯನ ವಿಷಯದಲ್ಲಿ ಅದು ಸಾಕಷ್ಟು ಕಡಿಮೆಯಲ್ಲ. ಸೂರ್ಯನನ್ನು ನೋಡಲೆಂದೇ ತಯಾರಿಸಿದ, ಐಎಸ್‌ಒ 12312-2 ಎಂಬ ಗುರುತಿರುವ ಗ್ರಹಣದ ಕನ್ನಡಕವನ್ನೋ, ಬೆಸುಗೆಯವರು ಬಳಸುವ 14ನೆಯ ನಂಬರಿನ ಗಾಜನ್ನೋ ಮಾತ್ರ ಉಪಯೋಗಿಸಬೇಕು. ಅವೂ ಗೀರು, ತೂತು ಇಲ್ಲದಂತಿರಬೇಕು. ದುರ್ಬೀನಿನಿಂದ ಎಂದೂ ನೋಡಬಾರದು, ಗ್ರಹಣದ ಕನ್ನಡಕ ಹಾಕಿಕೊಂಡೂ ನೋಡಬಾರದು.

ಕಾಸು ಖರ್ಚಿಲ್ಲದೆ ಗ್ರಹಣ ನೋಡುವ ಬಗೆ

ಎಲ್ಲಕ್ಕಿಂತ ಸುಲಭವೂ ಕ್ಷೇಮವೂ ಆದ ಮಾರ್ಗವೆಂದರೆ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುವುದು! ಒಂದು ರಟ್ಟಿನಲ್ಲಿ ಗುಂಡುಸೂಜಿಯಿಂದ ತೂತು ಮಾಡಿ, ಅದರಿಂದ ಬರುವ ಬೆಳಕನ್ನು ಬಿಳಿಯ ಹಾಳೆಯ ಮೇಲೆ ಬೀಳಿಸಿರಿ. ಅಲ್ಲಿ ಮೂಡುವುದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಸೂರ್ಯನು ಕುಡುಗೋಲಾದರೆ ಅದೂ ಕುಡುಗೋಲಾಗುತ್ತದೆ. ಬಿಂಬದ ಅಗಲವು ತೂತಿನಿಂದ ಹಾಳೆಗೆ ಇರುವ ದೂರದ ಸುಮಾರು 108ರಲ್ಲಿ ಒಂದು ಭಾಗ. ಒಂದು ಮೀಟರ್ ದೂರಕ್ಕೆ ಸುಮಾರು 9 ಮಿಲಿಮೀಟರ್.

ಹುಣಸೆ, ಬೇವು, ಹೊಂಗೆ ಮರಗಳ ಕೆಳಗಿನ ನೆಲವನ್ನೂ ನೋಡಿರಿ. ಎಲೆಗಳ ಸಂದುಗಳೆಲ್ಲ ಸೂಜಿತೂತುಗಳಂತೆ ಕೆಲಸಮಾಡಿ ನೆಲದ ತುಂಬ ನೂರಾರು ಪುಟ್ಟ ಗ್ರಹಣಗಳನ್ನು ಚೆಲ್ಲಿರುತ್ತವೆ. ಮನೆಯಲ್ಲಿ ಖಾರಸೇವೆ ಒತ್ತುವ ಒರಳಿನ ತೂತುಬಿಲ್ಲೆಯನ್ನು ಬಿಸಿಲಿಗೆ ಹಿಡಿದರೂ ಹಾಗೆಯೇ ಕಾಣುತ್ತದೆ.

ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ನೋಡಲು ಇನ್ನೊಂದು ಉಪಾಯವುಂಟು. ಚಿಕ್ಕ ಕನ್ನಡಿಯ ಮೇಲೆ ಕಾಗದ ಅಂಟಿಸಿ ನಡುವೆ ಬಟಾಣಿ ಕಾಳಿನಷ್ಟು ಜಾಗ ಬಿಡಿರಿ. ಅದನ್ನು ಹೊರಗೆ ಬಿಸಿಲಿನಲ್ಲಿ ಅಲುಗದಂತೆ ಇಟ್ಟು, ಬೆಳಕನ್ನು ಕತ್ತಲು ಮಾಡಿದ ಕೋಣೆಯ ಗೋಡೆಯ ಮೇಲೆ ಬೀಳಿಸಿರಿ. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಸುಮಾರು 9 ಸೆಂಟಿಮೀಟರ್ ಅಗಲದ ಬಿಂಬ ಮೂಡುತ್ತದೆ. ಕನ್ನಡಿಯೊಳಗೆ ಯಾರೂ ಇಣುಕದಂತೆ ಉಪಾಧ್ಯಾಯರೊಬ್ಬರು ಅದರ ಬಳಿ ನಿಂತಿರಬೇಕು. ಬಸುರಿಯಾದ ಅಕ್ಕನೂ, ಕಣ್ಣು ಮಂಜಾದ ಅಜ್ಜನೂ ಗೋಡೆಯ ಮೇಲಿನ ಈ ಗ್ರಹಣವನ್ನು ಚಿಂತೆಯಿಲ್ಲದೆ ನೋಡಬಹುದು.

ಮುಂದಿನ ಅವಕಾಶಗಳು

2027ರ ಆಗಸ್ಟ್ 2, ಸೋಮವಾರ ಈಜಿಪ್ಟ್, ಅರೇಬಿಯಾ ಮೊದಲಾದ ಕಡೆಗಳಲ್ಲಿ ಖಗ್ರಾಸ ಗ್ರಹಣ. ಅದು ನಮ್ಮ ಊರುಗಳಲ್ಲಿ ಸಂಜೆಯ ಹೊತ್ತು ಪಾರ್ಶ್ವ ಗ್ರಹಣವಾಗಿ ಕಾಣುವುದು. ಮಳೆಗಾಲವಾದ್ದರಿಂದ ಮೋಡ ಅಡ್ಡ ಬರಲೂಬಹುದು. 2031ರ ಮೇ 21ರಂದು ಕೇರಳ ತಮಿಳುನಾಡುಗಳಲ್ಲಿ ಕಂಕಣ ಗ್ರಹಣವಾಗುವಾಗಲೂ ನಮಗೆ ಪಾರ್ಶ್ವ ಗ್ರಹಣ ಕಾಣುವುದು.

2034ರ ಮಾರ್ಚ್ 20ರಂದು ಕಾರ್ಗಿಲ್ ಸೀಮೆಯಲ್ಲಿ ಖಗ್ರಾಸ ಗ್ರಹಣವಾಗಲಿದೆ. ಇದರಲ್ಲಿ ಒಂದು ವಿಶೇಷವಿದೆ. ಸೂರ್ಯ ಚಂದ್ರ ಭೂಮಿಗಳು 18 ವರ್ಷ 11 ದಿನ 8 ಗಂಟೆಗಳಿಗೊಮ್ಮೆ ಬಹುಮಟ್ಟಿಗೆ ಹಿಂದಿನ ಸ್ಥಾನಗಳಿಗೇ ಮರಳುವುದರಿಂದ ಗ್ರಹಣಗಳಿಗೂ ವಂಶಾವಳಿಯುಂಟು. ಆ 8 ಗಂಟೆಗಳಲ್ಲಿ ಭೂಮಿ ತನ್ನ ಸುತ್ತ ಮೂರರಲ್ಲೊಂದು ಸುತ್ತು ತಿರುಗಿರುವುದರಿಂದ ಮುಂದಿನ ಗ್ರಹಣ ಬೇರೆ ಖಂಡದಲ್ಲಿ ಕಾಣುತ್ತದೆ. ಮೂರು ಆವೃತ್ತಿಗಳಾದ ಮೇಲೆ ಮತ್ತೆ ನಮ್ಮ ಕಡೆಗೆ ಬರುತ್ತದೆ. 1980ರ ಫೆಬ್ರವರಿ 16, 1998ರ ಫೆಬ್ರವರಿ 26, 2016ರ ಮಾರ್ಚ್ 9, 2034ರ ಮಾರ್ಚ್ 20: ಲೆಕ್ಕ ಹಾಕಿ ನೋಡಿರಿ. ನಮ್ಮ ಹಿರಿಯರು ಬಾಗಿಲು ಹಾಕಿಕೊಂಡು ಕಳೆದುಕೊಂಡ ಗ್ರಹಣದ ಸಂತತಿಯೇ 54 ವರ್ಷಗಳ ಮೇಲೆ ಭಾರತಕ್ಕೆ ಮರಳಿ ಬರುತ್ತಿದೆ. ಇಂದು ಈ ಸಂಚಿಕೆಯನ್ನು ಓದುತ್ತಿರುವ ವಿದ್ಯಾರ್ಥಿಗಳು ಆ ಹೊತ್ತಿಗೆ ಬೆಳೆದು ದುಡಿಯುವವರಾಗಿರುತ್ತಾರೆ. ಮನಸ್ಸು ಮಾಡಿದರೆ ಕಾರ್ಗಿಲ್‌ಗೆ ಹೋಗಿ ಅದನ್ನು ಕಾಣಬಹುದು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಗ್ರಹಣದ ದಿನ ಸ್ನಾನ, ಜಪ, ದಾನ ಏನನ್ನು ಮಾಡಿದರೂ ಮಾಡಿರಿ. ಆದರೆ ಬಸುರಿಯರಿಗೆ, ಮಕ್ಕಳಿಗೆ, ರೋಗಿಗಳಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ. ಮಕ್ಕಳ ಕೈಗೆ ಒಂದು ರಟ್ಟನ್ನೂ ಒಂದು ಬಿಳಿಯ ಹಾಳೆಯನ್ನೂ ಕೊಟ್ಟು ಅಂಗಳಕ್ಕೆ ಕರೆತನ್ನಿ. ನೀವೂ ಅವರ ಪಕ್ಕದಲ್ಲಿ ನಿಲ್ಲಿ. ವಿದ್ಯಾರ್ಥಿಗಳೇ, ಅಂದು ನೀವು ಕಂಡದ್ದನ್ನು ಗಂಟೆ ನಿಮಿಷಗಳೊಡನೆ ಬರೆದಿಡಿ. ಬಿಂಬ ಯಾವ ಕಡೆಯಿಂದ ಸವೆಯಿತು, ಬಿಸಿಲು ಹೇಗೆ ಬದಲಾಯಿತು, ಕೋಳಿ ಕಾಗೆಗಳು ಏನು ಮಾಡಿದವು ಎಂಬುದನ್ನೆಲ್ಲ ಗುರುತು ಹಾಕಿ. ಅನಂತರ ಮನೆಯ ಹಿರಿಯರನ್ನು ಕೇಳಿ ಅವರ ನೆನಪುಗಳನ್ನೂ ಅದರ ಕೆಳಗೆ ಬರೆಯಿರಿ. ನಿಮ್ಮ ಬರವಣಿಗೆಯನ್ನು ನಮ್ಮ ಸಂಚಿಕೆಯಲ್ಲಿ ಪ್ರಕಟಿಸಲು ನಾವು ಕಾದಿರುತ್ತೇವೆ.